ಮಳೆ ಅದೇ, ಅಲೆ ಅದೇ, ನನ್ನ ಕೋಡ್ ಮಾತ್ರ ಹಳೇದಂತೆ

ಬೆಳಿಗ್ಗೆ ಆರೂವರೆಗೆ ದೊಡ್ಡಪ್ಪನ ಫೋನ್. "ಮಗಾ, ನಿನ್ನ ಮಿಷನ್ ಸರಿ ಆಯ್ತಾ?" ಇಲ್ಲ ದೊಡ್ಡಪ್ಪ. "ಇನ್ನೂ ಇಲ್ವಾ?" ಇನ್ನೂ ಇಲ್ಲ. ಏಪ್ರಿಲ್‌ನಿಂದ ಜೂನ್ ಮುಗಿಯುವ ತನಕ ಇದೇ ಮಾತು. ಒಂಬತ್ತು ಭಾನುವಾರ ಮಣ್ಣುಪಾಲಾದವು. ಇವತ್ತು ಎಲ್ಲ ಕಕ್ಕಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ತೋಟ ಸಕಲೇಶಪುರದ ಆಚೆ, ಹಾನುಬಾಳು ಕಡೆ. ಗುಡ್ಡದ ಮೇಲೆ ಒಂದು ಮಳೆ ಮಾಪಕ ನಿಲ್ಲಿಸಿದ್ದೇವೆ. ಒಳಗೆ ಏತದ ಥರ ತೂಗುವ ಎರಡು ಪುಟ್ಟ ಬಟ್ಟಲು. 0.2 ಮಿಲಿಮೀಟರ್ ಮಳೆ ಬಿದ್ದರೆ ಒಂದು ಸಲ ಮಗುಚಿಕೊಳ್ಳುತ್ತದೆ. ಎಷ್ಟು ಸಲ ಮಗುಚಿತು ಅನ್ನುವುದನ್ನು ಗಂಟೆಗೊಮ್ಮೆ 865 ಮೆಗಾಹರ್ಟ್ಸ್‌ನಲ್ಲಿ ಕೆಳಗಿನ ಮನೆಗೆ ಕಳಿಸುತ್ತದೆ. ನಮ್ಮ ದೇಶದಲ್ಲಿ 865ರಿಂದ 868ರ ತನಕ ಕಡಿಮೆ ಪವರ್‌ನಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದು, ಅದಕ್ಕೇ ಆ ಜಾಗ. ಮನೆಯಲ್ಲಿ ಒಂದು ರಾಸ್‌ಬೆರಿ ಪೈ, ಅಂಗೈಯಗಲದ ಪುಟ್ಟ ಕಂಪ್ಯೂಟರ್. ಅದಕ್ಕೆ ಚುಚ್ಚಿದ ಆರ್‌ಟಿಎಲ್ ಡಾಂಗಲ್, ಮೂಲತಃ ಕಂಪ್ಯೂಟರ್‌ನಲ್ಲಿ ಟಿವಿ ನೋಡಲು ಮಾಡಿದ್ದು. ಅದು ಅಲೆಯನ್ನು ಹಾಗೇ ಅಂಕಿಗಳಾಗಿ ಒಳಗೆ ತರುತ್ತದೆ, ಉಳಿದ ರೇಡಿಯೋ ಕೆಲಸವೆಲ್ಲ ಗ್ನೂ ರೇಡಿಯೋ ಎಂಬ ಸಾಫ್ಟ್‌ವೇರ್‌ನಲ್ಲಿ. ನಮ್ಮ ಮಾಪಕದ ಭಾಷೆ ಅದಕ್ಕೆ ಗೊತ್ತಿಲ್ಲವಲ್ಲ, ಹಾಗಾಗಿ 2019ರಲ್ಲಿ ಹಾಸನದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷದ ಪ್ರಾಜೆಕ್ಟ್‌ಗೆ ನಾನೇ ಒಂದು ಮಾಡ್ಯೂಲ್ ಬರೆದೆ. ಆಗ ನಡೆಯುತ್ತಿದ್ದದ್ದು ಗ್ನೂ ರೇಡಿಯೋದ 3.7 ಆವೃತ್ತಿ, ಪೈಥಾನ್ ಭಾಷೆಯ ಹಳೇ 2ರ ಮೇಲೆ. ತೋಟದಲ್ಲಿ ಐದು ಮಳೆಗಾಲ ತಕರಾರಿಲ್ಲದೆ ಓಡಿತು.

ಈ ಏಪ್ರಿಲ್‌ನಲ್ಲಿ ಹೂಮಳೆ ಜೊತೆ ಸಿಡಿಲೂ ಬಂತು. ಪೈ, ಡಾಂಗಲ್, ಮೆಮೊರಿ ಕಾರ್ಡ್, ಮೂರೂ ಒಟ್ಟಿಗೆ ಢಮಾರ್. ಕಾರ್ಡ್‌ನ ಕಾಪಿ ಇಟ್ಟಿರಲಿಲ್ಲ. ಹೌದು, ತಪ್ಪು ನನ್ನದೇ, ಗೊತ್ತು, ಹೇಳಬೇಡಿ. ಕೋಡ್ ಒಂದು ಹಳೇ ಲ್ಯಾಪ್‌ಟಾಪ್‌ನಲ್ಲಿತ್ತು. ಹೊಸ ಪೈ 5 ತಂದೆ. ಕೋಡ್ ಹಾಕಿ ಬಿಲ್ಡ್ ಮಾಡಿದರೆ, ಅಂದರೆ ಓಡುವ ಪ್ರೋಗ್ರಾಂ ಆಗಿ ಕಟ್ಟಿದರೆ ಆಯಿತು, ಒಂದು ಸಂಜೆ ಕೆಲಸ ಅಂದುಕೊಂಡೆ. ಪೆದ್ದ ನಾನು.

ಪೈ 5ಕ್ಕೆ ಆಪರೇಟಿಂಗ್ ಸಿಸ್ಟಂನ ಬುಕ್‌ವರ್ಮ್ ಎಂಬ ಆವೃತ್ತಿ ಇಲ್ಲವೇ ಅದಕ್ಕಿಂತ ಹೊಸದೇ ಆಗಬೇಕು. ಬುಕ್‌ವರ್ಮ್‌ನಲ್ಲಿ ಸಿಗುವುದು ಗ್ನೂ ರೇಡಿಯೋ 3.10, ಪೈಥಾನ್ 3.11. ಪೈಥಾನ್ 2 ದುರ್ಬೀನು ಹಾಕಿ ಹುಡುಕಿದರೂ ಇಲ್ಲ. ನಾನು ಪ್ರಾಜೆಕ್ಟ್ ಒಪ್ಪಿಸಿದ ವರ್ಷವೇ, ಆಗಸ್ಟ್‌ನಲ್ಲಿ, ಗ್ನೂ ರೇಡಿಯೋ 3.8 ಬಂದಿತ್ತಂತೆ. ಪೈಥಾನ್ 3 ಆಯಿತು. ಬ್ಲಾಕ್‌ಗಳ ವಿವರ ಬರೆಯುವ ರೂಪ ಎಕ್ಸ್‌ಎಂಎಲ್ ಇದ್ದದ್ದು ಯಾಮಲ್ ಆಯಿತು. 2021ರಲ್ಲಿ 3.9 ಬಂತು. ಸಿ ಪ್ಲಸ್ ಪ್ಲಸ್ಸನ್ನೂ ಪೈಥಾನನ್ನೂ ಜೋಡಿಸುತ್ತಿದ್ದ ಸ್ವಿಗ್ ಎಂಬ ಸಾಧನ ಕಿತ್ತು ಪೈಬೈಂಡ್11 ತಂದರು.  2022ರ 3.10ರಲ್ಲಿ ಮಾಡ್ಯೂಲ್ ಕೂರುವ ಜಾಗವೇ ಬೇರೆ ಆಯಿತು. ನಾನು ಇಲ್ಲಿ ತೋಟದಲ್ಲಿ ಮಳೆ ಎಣಿಸುತ್ತಾ ಕೂತಿದ್ದೆ, ಅಲ್ಲಿ ಮನೆಯ ಅಡಿಪಾಯ, ಗೋಡೆ, ಬಾಗಿಲು ಎಲ್ಲ ಒಂದೊಂದಾಗಿ ಬದಲಾಗಿತ್ತು.

ನನ್ನ ಹೊಟ್ಟೆ ಉರಿ ಏನು ಗೊತ್ತಾ? ಅಲೆ ಬದಲಾಗಿಲ್ಲ. 865 ಅಂದರೆ ಇವತ್ತಿಗೂ 865. ಮಳೆ ಬದಲಾಗಿಲ್ಲ, ಬಟ್ಟಲು ಬದಲಾಗಿಲ್ಲ. ಸಿಗ್ನಲ್ ಬಿಡಿಸುವ ನನ್ನ ನೂರೈವತ್ತು ಸಾಲಿನ ಗಣಿತದಲ್ಲಿ ಒಂದೇ ಒಂದು ಸಾಲೂ ತಪ್ಪಿರಲಿಲ್ಲ. ಒಂಬತ್ತು ಭಾನುವಾರ ನಾನು ತಿದ್ದಿದ್ದು ಬರೀ ಅದರ ಸುತ್ತ ಇರುವ ಬೇಲಿಯನ್ನು.

ಯಾಮಲ್ ಕೆಲಸ ಪರವಾಗಿಲ್ಲ, ಬದಲಾಯಿಸಿಕೊಡುವ ಕಮಾಂಡ್ ಇದೆ, ಮುಕ್ಕಾಲು ಪಾಲು ಮಾಡಿಕೊಟ್ಟಿತು. ಪೈಬೈಂಡ್ ಮಾತ್ರ ನನ್ನ ಜೀವ ಹಿಂಡಿತು. ಅದರಲ್ಲಿ ಒಂದು ಏರ್ಪಾಡು ಇದೆ. ಪ್ರತಿ ಹೆಡರ್ ಫೈಲ್‌ಗೂ (ಕೋಡ್‌ನಲ್ಲಿ ಏನೇನಿದೆ ಅಂತ ಸಾರುವ ಫೈಲ್) ಬೆರಳಚ್ಚಿನಂಥ ಒಂದು ಹ್ಯಾಶ್ ಲೆಕ್ಕ ಹಾಕಿ ಬೈಂಡಿಂಗ್ ಫೈಲ್‌ನಲ್ಲಿ ಬರೆದಿಟ್ಟಿರುತ್ತಾರೆ. ಹೆಡರ್ ಒಂದು ಅಕ್ಷರ ಬದಲಾದರೂ ಹ್ಯಾಶ್ ಬೇರೆ. ಎರಡೂ ತಾಳೆ ಆಗದಿದ್ದರೆ ಬಿಲ್ಡ್ ಅಲ್ಲೇ ನಿಂತುಬಿಡುತ್ತದೆ. ಉದ್ದೇಶ ಒಳ್ಳೆಯದೇ ಇರಬಹುದು. ನಾನು ಮಾಡಿದ್ದು ಇಷ್ಟು: ರಾತ್ರಿ ಹನ್ನೊಂದೂವರೆಗೆ, ಅಂತೂ ಎಲ್ಲ ಸರಿ ಬಂದಿದೆ ಅನ್ನುವಾಗ, ಹೆಡರ್‌ನಲ್ಲಿ ಒಂದು ಕಾಮೆಂಟ್, ಅಂದರೆ ಕಂಪ್ಯೂಟರ್ ಲೆಕ್ಕಕ್ಕಿಡದ ಟಿಪ್ಪಣಿ, ಹಾಕಿದೆ, ಮುಂದಿನ ಸಲ ನೆನಪಿಗಿರಲಿ ಅಂತ. "ಮಳೆ ಲೆಕ್ಕ ಇಲ್ಲಿ." ಅಷ್ಟೇ. ಬಿಲ್ಡ್ ನಿಂತಿತು. ಕೋಡ್ ಮುಟ್ಟಿಲ್ಲ ಮಾರಾಯ್ರೇ, ಕಾಮೆಂಟ್! ಅದು ಗೊತ್ತಾಗುವಷ್ಟರಲ್ಲಿ ಒಂದೂಕಾಲು ಗಂಟೆ.

ನನ್ನದು 2 ಜಿಬಿಯ ಬೋರ್ಡ್. ನಾಲ್ಕು ಕೋರ್ ಇದೆಯಲ್ಲ ಅಂತ ನಾಲ್ಕು ಕೆಲಸ ಒಟ್ಟಿಗೆ ಬಿಟ್ಟರೆ, ಪೈಬೈಂಡ್ ಫೈಲ್‌ಗಳು ಮೆಮೊರಿಯನ್ನೆಲ್ಲ ನುಂಗಿ ಕಂಪೈಲರ್ 'ಕಿಲ್ಡ್' ಅಂತ ಒಂದೇ ಪದ ಹೇಳಿ ಸತ್ತುಹೋಗುತ್ತದೆ. ಯಾಕೆ ಸತ್ತೆ ಅಂತ ಹೇಳುವುದಿಲ್ಲ. ಮೆಮೊರಿ ಸಾಲದಾಗ ಕಾರ್ಡ್‌ನಲ್ಲಿ ಬಳಸುವ ಜಾಗ, ಸ್ವಾಪ್, ಜಾಸ್ತಿ ಮಾಡಿ, ಒಂದೊಂದೇ ಕೆಲಸ ಬಿಟ್ಟು, ಎದ್ದುಹೋಗಿ ಕಾಫಿ ಮಾಡಿಕೊಂಡು ಬರಬೇಕು.

ಬಿಲ್ಡ್ ಆಯಿತು, ಇನ್‌ಸ್ಟಾಲ್ ಆಯಿತು. ಓಡಿಸಿದರೆ ಅಂಥ ಮಾಡ್ಯೂಲೇ ಇಲ್ಲ ಅನ್ನುತ್ತದೆ! ಫೋಲ್ಡರ್ ತೆರೆದು ನೋಡಿದರೆ ಕಣ್ಣೆದುರೇ ಇದೆ. 3.10ರಲ್ಲಿ ಅದನ್ನು ಗ್ನೂ ರೇಡಿಯೋ ಒಳಗಿನಿಂದ ಕರೆಯಬೇಕಂತೆ, ನಾನು ಹಳೇ ಕ್ರಮದಲ್ಲಿ ನೇರವಾಗಿ ಹೆಸರು ಹಿಡಿದು ಕರೆದಿದ್ದೆ. ಸರಿ, ಮರ್ಯಾದೆ ಕೊಟ್ಟು ಕರೆದೆ. ಈಗ ಲೈಬ್ರರಿ ಸಿಗಲಿಲ್ಲ ಅಂತು. ಹೊಸ ಲೈಬ್ರರಿ ಎಲ್ಲಿದೆ ಅಂತ ಸಿಸ್ಟಂಗೆ ತಿಳಿಸುವ ಎಲ್‌ಡಿಕಾನ್ಫಿಗ್ ಓಡಿಸುವುದು ಮರೆತಿದ್ದೆ. ಮಧ್ಯದಲ್ಲಿ ಇನ್ನೊಂದು ಪುಟ್ಟ ಲೈಬ್ರರಿ ಬೇಕಾಗಿ ಪೈಥಾನ್ ಲೈಬ್ರರಿ ಹಾಕಿಕೊಡುವ ಪಿಪ್ ಬಳಸಿದರೆ, ಇಲ್ಲಿ ಹಾಗೆಲ್ಲ ಹಾಕುವ ಹಾಗಿಲ್ಲ ಅಂತ ಗದರಿತು. ಹಾಕಲೇಬೇಕು ಅಂದರೆ 'ಬ್ರೇಕ್ ಸಿಸ್ಟಂ ಪ್ಯಾಕೇಜಸ್' ಅಂತ ಬರೆದುಕೊಡಬೇಕಂತೆ. ಆಪರೇಷನ್‌ಗೆ ಮುಂಚೆ ಆಸ್ಪತ್ರೆಯಲ್ಲಿ ಸಹಿ ಹಾಕಿಸಿಕೊಳ್ಳುತ್ತಾರಲ್ಲ, ಥೇಟ್ ಹಾಗೆ.

ಹೊಸ ಡಾಂಗಲ್‌ದು ಬೇರೆ ಕಥೆ, ಅದಕ್ಕೆ ಹೊಸ ಡ್ರೈವರ್ ಬೇಕಿತ್ತು, ಹಾಕಿದೆ, ಬಿಡಿ. ಅದು ಕೆಲಸ ಮಾಡುತ್ತಿದೆಯಾ ಅಂತ ನೋಡಲು ಹಾಸನ ಆಕಾಶವಾಣಿ 102.2ಕ್ಕೆ ತಿರುಗಿಸಿದೆ. ಪರದೆ ಮೇಲೆ ದಪ್ಪ ಪಟ್ಟೆ, ಹೆಡ್‌ಫೋನ್‌ನಲ್ಲಿ ಭಾವಗೀತೆ. ಆಂಟೆನಾ ಸರಿ, ಡಾಂಗಲ್ ಸರಿ. ಅಂದರೆ ತಪ್ಪೆಲ್ಲ ನನ್ನ ಕೋಡಿನದೇ ಅಂತ ಖಾತ್ರಿಯಾಯಿತು. ಅಷ್ಟು ಇಂಪಾದ ಹಾಡು ಕೇಳಿ ಅಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ.

ಅದೇ ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ. 1982ರಿಂದ ಇದೆ. ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹಗಳ ಜೊತೆ ಹಗಲೂ ರಾತ್ರಿ ಮಾತಾಡುತ್ತಾರೆ. ನನಗೆ ಒಂದು ಕಿಲೋಮೀಟರ್ ದೂರದ ಬಟ್ಟಲು ಮಗುಚಿದ್ದು ಕೇಳಿಸುತ್ತಿಲ್ಲ.

ಇನ್ನು ಬುದ್ಧಿ ಹೇಳುವವರು. ಬೆಂಗಳೂರಿನ ಗೆಳೆಯ, "ಡಾಕರ್‌ನಲ್ಲಿ ಹಳೇದನ್ನೇ ಓಡಿಸು ಗುರು" ಅಂತಾನೆ. ಹಳೇ ಸಾಫ್ಟ್‌ವೇರನ್ನು ಹಾಗೇ ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ಉಪಾಯ ಅದು. ಹಳೇ ಪೈಥಾನನ್ನು ಡಬ್ಬಿಯಲ್ಲಿ ಉಪ್ಪಿನಕಾಯಿ ಹಾಕಿಟ್ಟು ಎಷ್ಟು ವರ್ಷ ತಿನ್ನಲಿ? ಆಫೀಸಿನ ಇನ್ನೊಬ್ಬ, "ಸುಮ್ನೆ ಎರಡೂ ಕಡೆ ರೆಡಿಮೇಡ್ ತಗೊಂಡು ಹಾಕಿ" ಅಂದ. ಆ ಮಾಪಕ ಇರುವ ಜಾಗಕ್ಕೆ ಜೂನ್‌ನಲ್ಲಿ ನೀನು ಒಂದು ಸಲ ಹತ್ತಿ ಬಾ ಅಪ್ಪಾ. ಕಾಲಿಗೆ ಎಷ್ಟು ಇಂಬಳ ಹತ್ತಿವೆ ಅಂತ ಎಣಿಸಿಕೊಂಡು ಇಳಿದು ಬಾ, ಆಮೇಲೆ ಮಾತಾಡೋಣ.

ಕೊನೆಗೆ ಜೂನ್ ಮೂರನೇ ವಾರ ಮೊದಲ ಪ್ಯಾಕೆಟ್ ಬಂತು. ಖುಷಿಪಟ್ಟದ್ದು ಹತ್ತು ನಿಮಿಷ. ಹಳೇ ಲ್ಯಾಪ್‌ಟಾಪ್‌ನಲ್ಲಿ 3.7ರ ಮಾಡ್ಯೂಲ್ ಇನ್ನೂ ಓಡುತ್ತಿತ್ತಲ್ಲ, ಪಕ್ಕದಲ್ಲಿಟ್ಟು ತಾಳೆ ನೋಡಿದೆ. ಹಳೇದು 1 ಮಿಲಿಮೀಟರ್ ಅಂದರೆ ಹೊಸದು 1.4 ಅನ್ನುತ್ತಿದೆ. ಹೊಸದಕ್ಕೆ ಒಗ್ಗಿಸುವಾಗ ಏನೋ ಕೆಡಿಸಿದ್ದೇನೆ ಅಂತ ಎರಡು ರಾತ್ರಿ ಹೊಸ ಕೋಡನ್ನೇ ಜಾಲಾಡಿದೆ. ಏನೂ ಸಿಗಲಿಲ್ಲ. ಮೂರನೇ ರಾತ್ರಿ ಹಳೇದರ ಒಂದು ಸಾಲು ಕಣ್ಣಿಗೆ ಬಿತ್ತು. ಮಗುಚಿದ ಲೆಕ್ಕ ಗುಣಿಲೆ 2, ಭಾಗಿಲೆ 10. ಪೈಥಾನ್ 2ರಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ದಶಾಂಶ ಬಿಟ್ಟುಹೋಗುತ್ತದೆ. ಏಳು ಸಲ ಮಗುಚಿದರೆ 14, ಹತ್ತರಿಂದ ಭಾಗಿಸಿದರೆ 1. ಆ 0.4 ಗಂಟೆಗಂಟೆಗೂ ಗಾಳಿಗೆ. ಪೈಥಾನ್ 3 ಸರಿಯಾಗಿ 1.4 ಅನ್ನುತ್ತಿದೆ. ಐದು ಮಳೆಗಾಲ ನಾನು ಜಡಿಮಳೆಯ ದಿನ ಮೂವತ್ತು, ನಲವತ್ತು ಸೆಂಟ್ (ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟ್) ಮಳೆ ನುಂಗಿದ್ದೆ.

ದೊಡ್ಡಪ್ಪ ಅಂಗಳದಲ್ಲಿ ಗಾಜಿನ ಅಳತೆ ಇಟ್ಟು ಇಂಚು, ಸೆಂಟ್ ಲೆಕ್ಕದಲ್ಲಿ ಮೂವತ್ತು ವರ್ಷದಿಂದ ಬುಕ್ ಬರೆಯುತ್ತಾರೆ. "ನಿನ್ನ ಮಿಷನ್ ಕಮ್ಮಿ ತೋರಿಸ್ತದೆ ಮಗಾ" ಅಂತ ಮೊದಲ ವರ್ಷದಿಂದ ಹೇಳುತ್ತಿದ್ದರು. ಗುಡ್ಡದ ಮೇಲೆ ಗಾಳಿ ಜಾಸ್ತಿ, ಅದಕ್ಕೇ ವ್ಯತ್ಯಾಸ, ನಿಮ್ಮ ಗಾಜೇ ಹಳೇದು ಅಂತೆಲ್ಲ ವಾದ ಮಾಡಿದ್ದೆ. ಒಂದು ಸಲ ನೆಂಟರ ಮುಂದೆಯೇ.

ಮೊನ್ನೆ ಫೋನ್‌ನಲ್ಲಿ ಎಲ್ಲ ಒಪ್ಪಿಸಿದೆ. ಪೈಥಾನ್, ಪೂರ್ಣಾಂಕ, ದಶಾಂಶ, ಎಲ್ಲ. ಅವರು ಒಂದು ಕ್ಷಣ ಸುಮ್ಮನಿದ್ದು, "ಅದೆಲ್ಲ ಸರಿ, ಇವತ್ತು ಎಷ್ಟು ತೋರಿಸ್ತು?" ಅಂದರು. 1 ಇಂಚು 12 ಸೆಂಟ್, ದೊಡ್ಡಪ್ಪ.

"ನಂದು 1 ಇಂಚು 15. ಇನ್ನೂ ಮೂರು ಸೆಂಟ್ ಕಮ್ಮಿ ಐತಲ್ಲೋ."