ಹೆಸರಿಗೆ ಕಾವಲು ಐತಿ, ಕೈಗೆ?

2025ರ ಜೂನ್ ಕೊನೆಯ ವಾರ. ಅಣ್ಣನ ಮಗ ಮೊಬೈಲ್ ಹಿಡಿದುಕೊಂಡು ಓಡಿ ಬಂದ. ಇಟಲಿಯ ಮಿಲಾನ್‌ನಲ್ಲಿ ಪ್ರಾಡಾ ಕಂಪನಿಯ ಫ್ಯಾಷನ್ ಶೋ, ಮಾಡೆಲ್‌ಗಳ ಕಾಲಲ್ಲಿ ನಮ್ಮ ಕೊಲ್ಹಾಪುರಿ ಚಪ್ಪಲಿ! ಅಪ್ಪ ಚರ್ಮ ಕೊಯ್ಯುವ ರಂಪಿಗೆಯನ್ನು ಕೆಳಗಿಟ್ಟು, ಕನ್ನಡಕ ಹಾಕಿಕೊಂಡು, ಫೋಟೊ ದೊಡ್ಡದು ಮಾಡಿಸಿ ನೋಡಿದರು. ಹೆಬ್ಬೆರಳು ತೂರಿಸುವ ಉಂಗುರ, ಅಡ್ಡಪಟ್ಟಿ, ತಳದ ಅಂಚು ಎಲ್ಲ ನೋಡಿಯಾದ ಮೇಲೆ ಕೇಳಿದ್ದು ಒಂದೇ ಮಾತು.

"ಏನಂತ ಹೆಸರ ಬರದಾರ ತಮ್ಮಾ?"

"ಲೆದರ್ ಸ್ಯಾಂಡಲ್ ಅಂತ ಅಷ್ಟ ಬರದಾರ ಅಪ್ಪಾ."

"ಹಂಗಾರ ನಮ್ಮ ಹೆಸರ ತಗೊಂಡಿಲ್ಲ. ಏನಂತ ಕೇಳೂದು?"

ಅಪ್ಪ ಅಥಣಿಯಲ್ಲಿ ನಲವತ್ತು ವರ್ಷದಿಂದ ಚರ್ಮದ ಮುಂದೆ ಕೂತವರು. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದಮಾಡಿದ ಎಮ್ಮೆ ಚರ್ಮವನ್ನು ಮೂಸಿ ನೋಡಿಯೇ ಒಳ್ಳೆಯದೋ ಕೆಟ್ಟದ್ದೋ ಹೇಳುತ್ತಾರೆ. ಮೊಳೆ ಮುಟ್ಟಿಸುವುದಿಲ್ಲ, ಚರ್ಮದ ದಾರದಲ್ಲೇ ಹೊಲಿಗೆ. ಅವ್ವ ಮನೆಯಲ್ಲೇ ಕೂತು ಚಪ್ಪಲಿಯ ಚರ್ಮದ ಜಡೆ ಹೆಣೆದು ಕೊಡುತ್ತಾಳೆ. ಅಪ್ಪ ಕೇಳಿದ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸಿಕ್ಕ ಕಾನೂನು, ಸುದ್ದಿ ಎಲ್ಲ ಓದಿದೆ. ಅಪ್ಪ ಹೇಳಿದ್ದು ಸರಿಯಾಗಿಯೇ ಇತ್ತು, ನನ್ನ ಸಂಕಟವೂ ಅದೇ.

ಕೊಲ್ಹಾಪುರಿ ಚಪ್ಪಲಿಗೆ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಎನ್ನುವ ಭೌಗೋಳಿಕ ಗುರುತು, ಬಂದದ್ದು 2019ರಲ್ಲಿ. ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ ಆ ಕಡೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಈ ಕಡೆ. ಈ ಎಂಟು ಜಿಲ್ಲೆಗಳ ಹೊರಗೆ ಮಾಡಿದ ಚಪ್ಪಲಿಗೆ ಆ ಹೆಸರು ಹಚ್ಚುವಂತಿಲ್ಲ. ಹೆಸರು ಕೊಲ್ಹಾಪುರ ಪೇಟೆಯದು, ಹಾಗಾಗಿ ಅಥಣಿ, ನಿಪ್ಪಾಣಿ ಕಡೆಯ ದುಡಿಮೆ ಹೊರಗಿನವರಿಗೆ ಕಾಣುವುದೇ ಇಲ್ಲ. ಆದರೂ ಕಾಗದದ ಮೇಲೆ ನಮ್ಮ ಜಿಲ್ಲೆ ಐತಿ, ಅದು ಸಣ್ಣ ಮಾತಲ್ಲ.

ಆದರೆ ಆ ಟ್ಯಾಗ್ ಕಾಯುವುದು ಹೆಸರನ್ನು ಮಾತ್ರ. ಆಕಾರವನ್ನು ಕಾಯಬೇಕೆಂದರೆ ಡಿಸೈನ್ ಕಾಯ್ದೆಗೆ ಹೋಗಬೇಕು, ಅಲ್ಲಿ ವಸ್ತು ಹೊಸದಾಗಿರಬೇಕು. ಮುತ್ತಜ್ಜನ ಕಾಲದಿಂದ ಬಂದದ್ದು ಹೊಸದು ಹೇಗಾದೀತು? ನೂರಾರು ವರ್ಷ ತಿದ್ದಿ ತೀಡಿದ್ದಕ್ಕೆ ಒಡೆಯರಿಲ್ಲ, ನಿನ್ನೆ ಕಂಪ್ಯೂಟರ್‌ನಲ್ಲಿ ಬರೆದದ್ದಕ್ಕೆ ಒಡೆಯರಿದ್ದಾರೆ. ಈ ಜಾನಪದ ಕಲೆ, ಪರಂಪರೆಯ ಜ್ಞಾನವನ್ನು ಹೇಗೆ ಕಾಯಬೇಕೆಂದು ಜಿನೀವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ (ವೈಪೋ) 2000ದಲ್ಲೇ ಒಂದು ಸಮಿತಿ ಮಾಡಿದರು. 2024ರಲ್ಲಿ ಪೇಟೆಂಟ್ ಅರ್ಜಿಯಲ್ಲಿ ಸಸ್ಯ, ನಾಟಿಜ್ಞಾನದ ಮೂಲ ತಿಳಿಸಬೇಕು ಎನ್ನುವ ಒಪ್ಪಂದವಾಯಿತು. ಕೈಕಸುಬಿನ ವಿನ್ಯಾಸದ ಪಾಳಿ ಇನ್ನೂ ಬಂದಿಲ್ಲ.

ಹೋಗಲಿ, ಹೆಸರನ್ನಾದರೂ ಲೋಕವೆಲ್ಲ ಕಾಯುತ್ತದೆಯೇ? ಬೌದ್ಧಿಕ ಆಸ್ತಿಯ ಬಗ್ಗೆ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದ 1995ರಿಂದ ಜಾರಿಯಲ್ಲಿದೆ. ಅದರ 23ನೇ ವಿಧಿ ವೈನ್, ಮದ್ಯಗಳಿಗೆ ಮಾತ್ರ. ಬೇರೆ ಊರಿನ ವೈನಿಗೆ 'ಶಾಂಪೇನ್ ಮಾದರಿ' ಎಂದು ಬರೆದರೂ ತಪ್ಪೇ, ಜನ ಮೋಸಹೋದರೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಚಪ್ಪಲಿ, ಸೀರೆ, ಚಹಾಕ್ಕೆ 22ನೇ ವಿಧಿ. ಅಲ್ಲಿ ಗಿರಾಕಿಗೆ ದಾರಿ ತಪ್ಪಿಸಿದ್ದಾರೆ, ಇಲ್ಲವೇ ಅನ್ಯಾಯದ ಪೈಪೋಟಿ ಮಾಡಿದ್ದಾರೆ ಎಂದು ನಾವೇ ಸಾಬೀತು ಮಾಡಬೇಕು. ಪರದೇಶದ ಕೋರ್ಟಿನಲ್ಲಿ, ಅಲ್ಲಿಯ ವಕೀಲರನ್ನು ಹಿಡಿದು! ದ್ರಾಕ್ಷಿ ಹಿಂಡುವ ಕೈಗೆ ಒಂದು ನ್ಯಾಯ, ಚರ್ಮ ಹೊಲಿಯುವ ಕೈಗೆ ಒಂದು ನ್ಯಾಯ. ಈ ಬೇಧ ತೆಗೆಯಿರಿ ಎಂದು ಭಾರತ ವರ್ಷಗಳಿಂದ ಕೇಳುತ್ತಲೇ ಇದೆ, ಅಮೆರಿಕ, ಆಸ್ಟ್ರೇಲಿಯಾ ಒಪ್ಪಿಲ್ಲ. ಅದೇ ಅಮೆರಿಕ ಪ್ರತಿ ವರ್ಷ ತನ್ನ ಸ್ಪೆಷಲ್ 301 ವರದಿಯಲ್ಲಿ ಭಾರತ ಬೌದ್ಧಿಕ ಆಸ್ತಿಯನ್ನು ಸರಿಯಾಗಿ ಕಾಯುವುದಿಲ್ಲ ಎಂದು ನಮ್ಮನ್ನು ಪಟ್ಟಿಯಲ್ಲಿ ಹಾಕುತ್ತದೆ. ಓದಿದಾಗ ನನಗೆ ನಿಜವಾಗಿ ಸಿಟ್ಟು ಬಂತು.

ಇನ್ನು ಚೆನ್ನೈನ ಜಿಐ ಕಚೇರಿಯಲ್ಲಿ ನೋಂದಾಯಿಸಿದ ಹೆಸರಿಗೆ ಗಡಿ ದಾಟಿದರೆ ತಾನಾಗಿಯೇ ಬಲ ಇರುವುದಿಲ್ಲ. ಒಂದೊಂದು ದೇಶದಲ್ಲೂ ಬೇರೆ ನೋಂದಣಿ ಬೇಕು, ಇಲ್ಲವೇ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿ ಹೆಸರು ಕೂಡಿಸಬೇಕು. ಯುರೋಪಿಯನ್ ಒಕ್ಕೂಟದ ಜೊತೆ 2022ರಲ್ಲಿ ಮಾತುಕತೆ ಮತ್ತೆ ಶುರುವಾದಾಗ ಜಿಐಗೆಂದೇ ಬೇರೆ ಒಪ್ಪಂದದ ಚರ್ಚೆಯೂ ಕೂಡಿ ಶುರುವಾಯಿತು. ಯುರೋಪಿನವರು ತಮ್ಮ ಚೀಸ್, ವೈನ್ ಹೆಸರುಗಳಿಗೆ ಎಷ್ಟು ಬಿಗಿ ಹಿಡಿಯುತ್ತಾರೋ, ನಮ್ಮ ಸಂಸದರು ಕೊಲ್ಹಾಪುರಿಗೆ, ಇಳಕಲ್ ಸೀರೆಗೆ ಅಷ್ಟೇ ಬಿಗಿ ಹಿಡಿಯಬೇಕು. ಈ ಭಾಗದ ಎಷ್ಟು ಜನಪ್ರತಿನಿಧಿಗಳು ಆ ಪಟ್ಟಿಯ ಬಗ್ಗೆ ಒಂದಾದರೂ ಪತ್ರ ಬರೆದಿದ್ದಾರೆ? ಕೇಳುವ ಹಕ್ಕು ನನಗಿದೆ.

ಪ್ರಾಡಾ ನಮ್ಮ ಹೆಸರು ಹೇಳದೆ ಚಪ್ಪಲಿ ತೋರಿಸಿತೆಂದು ಎದ್ದ ಮಿಲಾನ್ ಗದ್ದಲ ಕೋರ್ಟಿಗೂ ಹೋಗಿತ್ತು. ವಕೀಲರು ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಬಾಂಬೆ ಹೈಕೋರ್ಟ್ 2025ರ ಜುಲೈನಲ್ಲಿ ವಜಾ ಮಾಡಿತು. ಜಿಐ ನೋಂದಣಿ ಇರುವುದು ಮಹಾರಾಷ್ಟ್ರದ ಲಿಡ್ಕಾಮ್, ನಮ್ಮ ಕರ್ನಾಟಕದ ಲಿಡ್ಕರ್ ಎನ್ನುವ ಸರ್ಕಾರಿ ಚರ್ಮೋದ್ಯಮ ನಿಗಮಗಳ ಹೆಸರಿನಲ್ಲಿ, ಕೇಳಬೇಕಾದವರು ಅವರು. ಡಿಸೆಂಬರ್‌ನಲ್ಲಿ ಈ ಎರಡೂ ನಿಗಮಗಳ ಜೊತೆ ಪ್ರಾಡಾ ಒಪ್ಪಂದ ಮಾಡಿಕೊಂಡಿತು. 2,000 ಜೊತೆ ಚಪ್ಪಲಿ ಇಲ್ಲೇ ಮಾಡಿಸುತ್ತಾರೆ, ಒಂದು ಜೊತೆಗೆ ಸುಮಾರು 800 ಯೂರೊ ಬೆಲೆ ಎಂದು ಸುದ್ದಿ ಬಂತು. ನಮ್ಮವರಿಗೆ ಕೆಲಸ ಸಿಕ್ಕರೆ ನನಗೆ ಖುಷಿಯೇ. ಆದರೆ ಇದು ಆದದ್ದು ಜನ ಎಬ್ಬಿಸಿದ ಗದ್ದಲದ ಬಲದಿಂದ, ಹಕ್ಕಿನ ಬಲದಿಂದ ಅಲ್ಲ. ಮುಂದಿನ ಸಲ ಗದ್ದಲ ಏಳದಿದ್ದರೆ?

ಪರದೇಶದವರ ಮಾತು ಆಯಿತು. ನಮ್ಮ ಪೇಟೆಯ ಮಾತನ್ನೂ ಆಡಬೇಕು. ಹೋದ ವರ್ಷ ಒಬ್ಬ ವ್ಯಾಪಾರಿ ಅಪ್ಪನ ಹತ್ತಿರ ಮಾದರಿಗೆಂದು ನಾಲ್ಕು ಜೊತೆ ಒಯ್ದ. ಮೂರು ತಿಂಗಳಿಗೆ ಅದೇ ಪಟ್ಟಿ, ಅದೇ ಜಡೆ ರೆಕ್ಸಿನ್‌ನಲ್ಲಿ ಬಂತು, ಮೇಲೆ 'ಅಸಲಿ ಕೊಲ್ಹಾಪುರಿ' ಚೀಟಿ. ಅಪ್ಪನಿಗೆ ನಾಲ್ಕು ಜೊತೆಯ ದುಡ್ಡೂ ಬರಲಿಲ್ಲ. ಸುಳ್ಳು ಜಿಐ ಹೆಸರು ಹಚ್ಚಿದರೆ 1999ರ ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಇದೆ. ಹೊರದೇಶದಿಂದ ನಕಲಿ ಬಂದರೆ ಬಂದರಿನಲ್ಲೇ ತಡೆಯಲು 2007ರ ಕಸ್ಟಮ್ಸ್ ನಿಯಮಗಳಿವೆ, ಹಕ್ಕುದಾರರು ಮುಂಚಿತವಾಗಿ ಅಲ್ಲಿ ನೋಂದಾಯಿಸಿರಬೇಕು ಅಷ್ಟೇ. ನಿಗಮದವರು ಈ ಕೆಲಸವನ್ನು ಮೊದಲು ಮಾಡಲಿ.

ಟ್ಯಾಗ್ ಬಂತು ಎಂದ ಮಾತ್ರಕ್ಕೆ ಪ್ರತಿ ಕುಶಲಕರ್ಮಿಗೆ ಹಕ್ಕು ಬರುವುದಿಲ್ಲ, 'ಅಧಿಕೃತ ಬಳಕೆದಾರ' ಎಂದು ತಾನೇ ಹೆಸರು ಬರೆಸಬೇಕು. ಅದರ ಶುಲ್ಕವನ್ನು 2020ರಲ್ಲಿ 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಿದ್ದಾರೆ. ಅಪ್ಪನಿಗೆ ಇದು ಗೊತ್ತೇ ಇರಲಿಲ್ಲ. ಓಣಿಯಲ್ಲಿ ಕೇಳಿದೆ, ಅಲ್ಲೂ ಯಾರಿಗೂ ಗೊತ್ತಿರಲಿಲ್ಲ.

ಅಪ್ಪನ ಅರ್ಜಿ ನಿನ್ನೆ ರಾತ್ರಿ ತುಂಬಿದೆ. ಸಹಿ ಮಾಡುವ ಮುಂಚೆ "ಇದರಾಗ ನಿಮ್ಮವ್ವನ ಹೆಸರ ಎಲ್ಲೈತಿ?" ಎಂದು ಕೇಳಿದರು. ಅವ್ವನದು ಬೇರೆ ಅರ್ಜಿ ತುಂಬುತ್ತಿದ್ದೇನೆ. ಅಥಣಿ, ನಿಪ್ಪಾಣಿ, ಜಮಖಂಡಿ ಕಡೆ ಚಪ್ಪಲಿ ಮಾಡುವವರು, ಜಡೆ ಹೆಣೆಯುವ ಅಕ್ಕಂದಿರು ಯಾರಿಗಾದರೂ ಇದಕ್ಕೆ ನೆರವು ಬೇಕಿದ್ದರೆ ಇನ್‌ಬಾಕ್ಸ್‌ಗೆ ಬರೆಯಿರಿ. ಭಾನುವಾರ ದಿನವಿಡೀ ಮನೆಯಲ್ಲೇ ಇರುತ್ತೇನೆ.