ಊರ ಮಕ್ಕಳೆಲ್ಲ ಡಾಕ್ಟರಾಗಲಿ

ಸಿಇಟಿ ಮೊದಲ ಸುತ್ತಿನಲ್ಲಿ ಮಗಳಿಗೆ ಸೀಟು ಸಿಕ್ಕಿತು. ಮೀನಿನದು.

ಅವಳು ಕೇಳಿದ್ದು ಬಿ.ಎಸ್ಸಿ. ಅಗ್ರಿ, ಅದೂ ನಮ್ಮ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲೇ. ಬಂದಿದ್ದು ಮಂಗಳೂರಿನ ಮೀನುಗಾರಿಕೆ ಕಾಲೇಜು. ಆಪ್ಷನ್ ಎಂಟ್ರಿ ಮಾಡುವಾಗ ಸೈಬರ್ ಸೆಂಟರಿನ ಹುಡುಗ 'ಹಾಕ್ರಿ ಸರ, ಇದಕ್ಕೇನ್ ರೊಕ್ಕ ಕೊಡಬೇಕಾ' ಎಂದು ಪಟ್ಟಿ ಉದ್ದ ಮಾಡುತ್ತಲೇ ಹೋಗಿದ್ದ. ನಮ್ಮದು ಮೊಟ್ಟೆಯನ್ನೂ ಹೊಸ್ತಿಲು ದಾಟಲು ಬಿಡದ ಮನೆ. ಸುದ್ದಿ ಕೇಳಿ ಅವ್ವ ಜಪಮಾಲೆ ಕೆಳಗಿಟ್ಟಳು.

"ಅವ್ವಾ, ಆ ಕಾಲೇಜು ಬೀದರ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಒಂಥರಾ ನಮ್ಮ ಕಡೇದೇ" ಅಂತ ಸಮಾಧಾನ ಮಾಡಿದೆ. ಇದು ಸುಳ್ಳಲ್ಲ. ರಾಜ್ಯದ ಪಶು ಮತ್ತು ಮೀನುಗಾರಿಕೆ ವಿಶ್ವವಿದ್ಯಾಲಯ ಇರುವುದು ಬೀದರಿನಲ್ಲೇ.

"ಬೀದರನ್ಯಾಗ ಸಮುದ್ರ ಎಲ್ಲದನೋ?" ಅಂದಳು.

ಇದಕ್ಕೆ ಯಾವ ಕೌನ್ಸೆಲಿಂಗಿನಲ್ಲೂ ಉತ್ತರ ಸಿಗುವುದಿಲ್ಲ.

ಈಗ ಪ್ರತಿ ಮನೆಯಲ್ಲೂ ಚಾಯ್ಸ್‌ನದೇ ಮಾತು. ಚಾಯ್ಸ್ ಒನ್ ಅಂದರೆ ಸೀಟು ಒಪ್ಪಿಗೆ, ಫೀ ಕಟ್ಟಿ ಕಾಲೇಜಿಗೆ ಹೋಗುವುದು. ಚಾಯ್ಸ್ ತ್ರೀ ಅಂದರೆ ಈ ಸೀಟು ಬೇಡ, ಮುಂದಿನ ಸುತ್ತು ನೋಡೋಣ. ಫೋರ್ ಅಂದರೆ ನಿಮಗೂ ನಮಗೂ ಸಂಬಂಧವೇ ಬೇಡ. ಟೂ ಇದೆಯಲ್ಲ, ಅದು ನಮ್ಮಂಥವರಿಗೆಂದೇ ಮಾಡಿದ್ದು. ಇದು ಕೈಯಲ್ಲಿರಲಿ, ಇದಕ್ಕಿಂತ ಒಳ್ಳೆಯದು ಸಿಕ್ಕರೆ ಅದನ್ನು ಕೊಡಿ. ಮೇಲಿನದು ಸಿಕ್ಕ ಕೂಡಲೇ ಕೆಳಗಿನದು ತಾನೇ ಬಿಟ್ಟುಹೋಗುತ್ತದೆ. ಮದುವೆ ಮಾತುಕತೆಯಲ್ಲಿ ಹೀಗೆ ಮಾಡಿದರೆ ಬಡಿಗೆ ತರುತ್ತಾರೆ, ಸಿಇಟಿಯಲ್ಲಿ ನಿಯಮವೇ ಹೀಗೆ.

ಟೂ ಒತ್ತಿ ಎರಡನೇ ಸುತ್ತಿಗೆ ಕಾಯುತ್ತಾ ಕೂತೆವು. ಕಾಯುವವರಿಗೆ ಲೆಕ್ಕ ತಾನಾಗಿಯೇ ಬರುತ್ತದೆ. ನಮಗೆ ಸೀಟು ಬರಬೇಕೆಂದರೆ ಮೇಲಿರುವ ಯಾರೋ ಏಳಬೇಕು. ಲಿಂಗಸುಗೂರು ಬಸ್ಸಿನಲ್ಲಿ ನಿಂತವರು ಕೂತವರ ಚೀಲ ನೋಡುತ್ತಾ, ಇವರು ಸಿರವಾರದಲ್ಲಿ ಇಳಿಯುತ್ತಾರೋ ಇಲ್ಲವೋ ಅಂತ ಅಂದಾಜು ಹಾಕುತ್ತಾರಲ್ಲ, ಅದೇ ಲೆಕ್ಕ. ಅಗ್ರಿ ಸೀಟಿನಿಂದ ಮಕ್ಕಳು ಏಳುವುದು ಯಾವಾಗ? ಮೆಡಿಕಲ್ ಸಿಕ್ಕಾಗ. ಹಾಗಾಗಿ ಅಪರಿಚಿತ ಮಕ್ಕಳೆಲ್ಲ ಡಾಕ್ಟರಾಗಲಿ ಎಂದು ನಮ್ಮ ಮನೆಯಲ್ಲಿ ಪ್ರಾರ್ಥನೆ ಶುರುವಾಯಿತು.

ಅವ್ವ ಮಂತ್ರಾಲಯದ ರಾಯರಿಗೆ ಹರಕೆ ಹೊತ್ತಳು. ಮೊಮ್ಮಗಳ ಹೆಸರಲ್ಲಿ ಒಂದು, 'ಮ್ಯಾಲಿನ ರ್‍ಯಾಂಕಿನ ಕೂಸುಗಳ' ಹೆಸರಲ್ಲಿ ಇನ್ನೊಂದು. ನನ್ನ ಹೆಂಡತಿ ಬಳ್ಳಾರಿ, ರಾಯಚೂರು, ಕೊಪ್ಪಳದ ಸರ್ಕಾರಿ ಮೆಡಿಕಲ್ ಕಾಲೇಜುಗಳಿಗೆ ಸೀಟು ಹೆಚ್ಚು ಮಾಡುತ್ತಾರಾ ಅಂತ ದಿನಾ ಪೇಪರ್ ಹುಡುಕತೊಡಗಿದಳು. ನಮ್ಮ ಕಲ್ಯಾಣ ಕರ್ನಾಟಕಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ನನಗೆ ಬಾಯಿಪಾಠವಾಯಿತು. 2012ರ ತಿದ್ದುಪಡಿ, ನಮ್ಮ ಭಾಗದ ಕಾಲೇಜುಗಳಲ್ಲಿ ನಮ್ಮವರಿಗೆ 70 ಪರ್ಸೆಂಟ್, ಹೊರಗಿನವುಗಳಲ್ಲಿ 8 ಪರ್ಸೆಂಟ್. ಕೇಳದವರಿಗೂ ಹೇಳುತ್ತಿದ್ದೆ.

ಮಗಳು ಮಾತ್ರ ಆರಾಮಾಗಿದ್ದಳು. ಅವಳ ಪಾಲಿನ ಕಷ್ಟ ಆಗಲೇ ಮುಗಿದಿತ್ತು. ಕೃಷಿಕರ ಕೋಟಾಕ್ಕೆ ಬೀಜ, ಗೊಬ್ಬರ, ಉಪಕರಣ ಗುರುತಿಸುವ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಅದಕ್ಕೆ ಕೋಚಿಂಗ್ ಕೊಟ್ಟವಳು ಅವ್ವ. ಮೊರದ ತುಂಬ ಸಜ್ಜೆ, ನವಣೆ, ಸಾವೆ, ಹತ್ತಿಕಾಳು, ಕುಸುಬೆ, ಅಗಸೆ ಸಾಲಾಗಿ ಇಟ್ಟು, ಕೈಯಲ್ಲೊಂದು ಹಂಚಿಕಡ್ಡಿ ಹಿಡಿದು ಕೇಳುತ್ತಿದ್ದಳು. ಒಂದು ದಿನ ನಡುವೆ ಒಂದು ಇಲಿ ಹಿಕ್ಕೆಯನ್ನೂ ಇಟ್ಟಿದ್ದಳು. ಮಗಳು ಅದನ್ನೂ ಸರಿಯಾಗಿ ಗುರುತಿಸಿದಳು. "ಪಾಸ್" ಅಂದಳು ಅವ್ವ.

ಇಷ್ಟರಲ್ಲಿ ಒಂದು ಸಂಗತಿ ಗೊತ್ತಾಯಿತು. ನಮ್ಮ ಓಣಿಯ ಮೂಲೆಮನೆ ಹುಡುಗನಿಗೆ ಮೊದಲ ಸುತ್ತಿನಲ್ಲೇ ರಾಯಚೂರಿನ ಅಗ್ರಿ ಸೀಟು ಸಿಕ್ಕಿದೆ. ಅವನೂ ಚಾಯ್ಸ್ ಟೂ. ಮೆಡಿಕಲ್‌ಗೆ ಕಾಯುತ್ತಿದ್ದಾನೆ. ಕೋಟಾ ನಮ್ಮದೇ, ಕೆಟಗರಿಯೂ ನಮ್ಮದೇ. ಅಂದರೆ ಅವನು ಎದ್ದರೆ ಸೀಟು ನಮ್ಮ ಕಡೆಗೇ ಸರಿಯುತ್ತದೆ.

ಅಲ್ಲಿಂದ ಆ ಹುಡುಗನ ಯೋಗ ತಿರುಗಿತು. ಪಂಚಮಿಗೆ ಮಾಡಿದ ಶೇಂಗಾ ಉಂಡಿ, ಎಳ್ಳುಂಡಿ ಮೊದಲು ಅವನ ಮನೆಗೆ ಹೋದವು. ಸಂಜೆ ನಾನು ಒಗ್ಗರಣಿ ಮಿರ್ಚಿ ಕಟ್ಟಿಸಿದರೆ ಒಂದು ಪೊಟ್ಟಣ ಅವನಿಗೆ. ಬೈಕ್ ಜೋರಾಗಿ ಓಡಿಸಿದರೆ ನಾನೇ ಅಡ್ಡ ನಿಂತು ಬೈಯುತ್ತಿದ್ದೆ. ನೀಟ್‌ನಲ್ಲಿ 720ಕ್ಕೆ ಅವನಿಗೆಷ್ಟು ಬಂದಿದೆ ಅನ್ನುವುದು ಅವರಪ್ಪನಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ಅವರಪ್ಪನಿಗೆ ನನ್ನ ಮೇಲೆ ಗೌರವ ಹೆಚ್ಚಿತು. "ನಿಮ್ಮಂಥಾ ಮಂದಿ ಈಗಿನ ಕಾಲದಾಗ ಎಲ್ಲಿ ಅದಾರ್ರಿ?" ಅಂದರು. ನಾನು ಸುಮ್ನೆ ನಕ್ಕೆ.

ರಿಸಲ್ಟು ಇವತ್ತು ಸಂಜೆ ಅಂದರು, ನಾಳೆ ಅಂದರು. ವೆಬ್‌ಸೈಟಿನ ಚಕ್ರ ತಿರುಗಿತು, ಕರೆಂಟ್ ಹೋಯಿತು, ಬಂತು. ಇದೆಲ್ಲ ಎಲ್ಲರ ಮನೆಯಲ್ಲೂ ಆಗುವುದೇ.

ಆಗಬಾರದ್ದು ಆದದ್ದು ಮರುದಿನ. ಹುಡುಗ ತಾನಾಗಿಯೇ ಮನೆಗೆ ಬಂದ. ಬಂದವನು ನನ್ನೆದುರು ಕುಂತು, "ಕಾಕಾ, ನಮ್ಮಪ್ಪಗ ನೀವಾ ಒಂದ್ ಮಾತ್ ಹೇಳಬೇಕ್ರಿ" ಅಂದ.

"ಏನಪ್ಪಾ?"

"ನನಗ ಡಾಕ್ಟರ್ ಆಗಾದು ಬ್ಯಾಡ್ರಿ. ರಕ್ತ ನೋಡಿದ್ರ ತಲಿ ತಿರಗತದ. ಈ ಅಗ್ರಿ ಸೀಟಾ ಚಲೋ ಅದ. ನೀವ್ ಹೇಳಿದ್ರ ಅಪ್ಪ ಕೇಳ್ತಾನ."

ಅವನ ಕೈಯಲ್ಲಿ ನಮ್ಮ ಮನೆಯದೇ ಶೇಂಗಾ ಉಂಡಿ ಇತ್ತು. ವೈದ್ಯವೃತ್ತಿ ಎಷ್ಟು ಪವಿತ್ರ, ರೋಗಿಗಳ ಆಶೀರ್ವಾದ ಎಷ್ಟು ದೊಡ್ಡದು ಎಂದು ಗಂಟೆಗಟ್ಟಲೆ ಹೇಳಿದೆ. ಅವನು ಉಂಡಿ ತಿಂದು ಮುಗಿಸಿ, "ಹಂಗಾರ ಸಂಜಿಗೆ ಹೇಳ್ರಿ ಕಾಕಾ" ಅಂತ ಎದ್ದು ಹೋದ. ಒಳಗಿನಿಂದ ಅವ್ವ, "ಎರಡನೇ ಹರಕಿ ರದ್ದು ಮಾಡಾಕ ಬರತದೇನೋ?" ಅಂತ ಕೇಳಿದಳು.

ಅದೇ ರಾತ್ರಿ ಸಿಂಧನೂರಿನಿಂದ ಫೋನು. ಗುರುತಿಲ್ಲದ ದನಿ, ಆದರೆ ಬಾಳ ಪ್ರೀತಿ.

"ಅಣ್ಣಾರ, ಮಗಳಿಗೆ ಮಂಗಳೂರಾಗ ಸೀಟ್ ಆಗ್ಯದಂತಲ್ರಿ? ಕೇಳಿ ಭಾಳ ಖುಷಿ ಆತು."

"ಹೂಂ ರೀ, ಆದ್ರ ನಾವು ಇನ್ನಾ ಅಗ್ರಿಗೆ ಕಾಯಾಕತ್ತೀವಿ..."

"ಅಯ್ಯ, ಅಗ್ರಿಯಾಗ ಏನದ್ರಿ! ಮೀನಿಗೆ ಮುಂದ ದೊಡ್ಡ ಭವಿಷ್ಯ ಅದ. ಸಮುದ್ರದ ಗಾಳಿ ಆರೋಗ್ಯಕ್ಕ ಚಲೋ. ರಾಯಚೂರಾಗ ಏನದ, ಬರೇ ಬಿಸಲು."

ನಿಮ್ಮ ಪರಿಚಯ ಆಗಲಿಲ್ಲ ಅಂದೆ. ಸ್ವಲ್ಪ ತಡೆದು, ತಮ್ಮ ಮಗನ ರ್‍ಯಾಂಕ್ ಹೇಳಿದರು. ನಮ್ಮ ಮಗಳಿಗಿಂತ ಒಂದಷ್ಟು ಕೆಳಗೆ. ಕೋಟಾ ನಮ್ಮದೇ, ಕೆಟಗರಿಯೂ ನಮ್ಮದೇ.

"ನೀವ್ ಏನೂ ಚಿಂತಿ ಮಾಡಬ್ಯಾಡ್ರಿ ಅಣ್ಣಾರ" ಅಂದರು. "ನಮ್ಮ ಹುಡುಗೊಬ್ಬ ಟಿಕೆಟ್ ಬುಕಿಂಗ್ ಅಂಗಡಿ ಇಟ್ಟಾನ. ಮಂಗಳೂರಿಗೆ ಸ್ಲೀಪರ್ ಬಸ್ಸಿನಾಗ ಕೆಳಗಿನ ಬರ್ತ ನಾನಾ ಮಾಡಿಸಿಕೊಡ್ತೀನಿ."