ಬರೀ ಸದ್ದು ಕೇಳಿ ಎಂಜಿನ್ ತಗೋಬೇಡಿ

ಮುಂಬೈನ ಕುರ್ಲಾದಲ್ಲಿ ಗಾಡಿಗಳ ಹಳೆ ಬಿಡಿಭಾಗ ಮಾರುವ ಸಿಎಸ್‌ಟಿ ರಸ್ತೆಯಲ್ಲಿ ಹಳೆ ಎಂಜಿನ್ ಕೊಳ್ಳುವಾಗ ಸ್ಟಾರ್ಟ್ ಮಾಡಿಸಿ ಸದ್ದು ಕೇಳಿದರೆ ಸಾಕು ಅಂತ ಬರೆದಿದ್ದೀರಿ. ಸಾಲದು ಸರ್. ಮುಂಬೈಯಲ್ಲಿ ಮೊದಲು ನೋಡಬೇಕಾದ್ದು, ಅದು ಮಳೆನೀರಲ್ಲಿ ಮುಳುಗಿದ ಗಾಡಿಯದ್ದೋ ಅಲ್ಲವೋ ಅಂತ. ನೀರು ಕುಡಿದ ಎಂಜಿನ್‌ನಲ್ಲಿ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕ್‌ಗೆ, ಅಂದರೆ ಎಂಜಿನ್ನಿನ ತಿರುಗುವ ದಂಡಕ್ಕೆ, ಜೋಡಿಸುವ ಸರಳು) ಚೂರು ಬಾಗಿದ್ದರೂ ಸ್ಟಾರ್ಟ್ ಆಗುತ್ತೆ. ಮುಂದೊಂದು ದಿನ ರಾಡ್ ಮುರಿದು ಬ್ಲಾಕನ್ನೇ ತೂತು ಮಾಡುತ್ತೆ. ಸ್ಪಾರ್ಕ್ ಪ್ಲಗ್ ಎಲ್ಲ ಬಿಚ್ಚಿಸಿ, ಒಂದೊಂದೇ ತೂತಿಗೆ ಉದ್ದನೆಯ ಕಡ್ಡಿ ಇಳಿಸಿ, ಸ್ಪ್ಯಾನರ್‌ನಲ್ಲಿ ಕ್ರ್ಯಾಂಕ್ ನಿಧಾನ ತಿರುಗಿಸಿ. ಪಿಸ್ಟನ್ ಮೇಲಿನ ತುದಿಗೆ ಬಂದಾಗ ಕಡ್ಡಿ ಎಲ್ಲದರಲ್ಲೂ ಒಂದೇ ಎತ್ತರಕ್ಕೆ ನಿಲ್ಲಬೇಕು. ಒಂದರಲ್ಲಿ 2 ಮಿ.ಮೀ. ತಗ್ಗಿದ್ದರೂ ಎಷ್ಟೇ ಅಗ್ಗ ಅಂದರೂ ಬೇಡ.

ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಅಳೆಸಿ. ಪೆಟ್ರೋಲ್ ಎಂಜಿನ್‌ಗೆ ಅದು ಸಾಮಾನ್ಯವಾಗಿ 150ರಿಂದ 180 ಪಿಎಸ್‌ಐ (ಒತ್ತಡದ ಅಳತೆ). ಅದಕ್ಕಿಂತ ಮುಖ್ಯ, ಸಿಲಿಂಡರ್‌ಗಳ ನಡುವೆ ಶೇ 10ಕ್ಕಿಂತ ಹೆಚ್ಚು ಅಂತರ ಇರಬಾರದು. ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಪೂರ್ತಿ ತೆರೆದೇ ಅಳೆಯಿರಿ, ಇಲ್ಲದಿದ್ದರೆ ಒಳ್ಳೆ ಎಂಜಿನ್ನೂ ಕಡಿಮೆ ತೋರಿಸುತ್ತೆ.

ಕೂರಿಸುವ ಮುಂಚೆ, ಎಂಜಿನ್ ನೆಲದ ಮೇಲಿರುವಾಗಲೇ ಕ್ರ್ಯಾಂಕ್‌ನ ಹಿಂಬದಿಯ ಆಯಿಲ್ ಸೀಲ್ (ಆಯಿಲ್ ಸೋರದಂತೆ ತಡೆಯುವ ಉಂಗುರ), ವಾಟರ್ ಪಂಪ್, ಟೈಮಿಂಗ್ ಬೆಲ್ಟ್, ಕ್ಲಚ್ ಪ್ಲೇಟ್ ಹೊಸದು ಹಾಕಿಸಿ. ಆ ಚಿಕ್ಕ ಸೀಲ್ ಆಮೇಲೆ ಸೋರಿದರೆ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕು. ಇನ್ನು ಬಿಲ್‌ನಲ್ಲಿ ಎಂಜಿನ್ ನಂಬರ್ ಬರೆಸಿಕೊಳ್ಳಿ. ಆರ್‌ಟಿಒದಲ್ಲಿ ಆರ್‌ಸಿಯಲ್ಲಿನ ಎಂಜಿನ್ ನಂಬರ್ ತಿದ್ದಿಸದೆ ಗಾಡಿ ಓಡಿಸಬೇಡಿ.